ಲ್ಯಾವೆಂಡರ್ ಸತ್ತಿದ್ದು ಚಳಿಗಲ್ಲ

ಭಾಗ 1

ಮೊದಲನೇ ಫೋಟೋದಲ್ಲಿ ಕಾಣ್ತಿರೋದು ಪೊರಕೆ ಕಡ್ಡಿ ಅಲ್ಲ. ನಮ್ಮ ಅಕ್ಕನ ಲ್ಯಾವೆಂಡರ್ ಗಿಡಗಳು. 2024ರ ಜೂನ್‌ನಲ್ಲಿ ತೆಗೆದದ್ದು. ಜಾಗ ಅಮೆರಿಕದ ಮಿನೆಸೋಟ, ಸೇಂಟ್ ಪಾಲ್ ಪಕ್ಕದ ಒಂದು ಊರು. ಈ ಫೋಟೋ ಕಳಿಸಿ ಅಕ್ಕ ಕೆಳಗೆ ಒಂದೇ ಸಾಲು ಬರೆದಿದ್ಲು: "ಈ ಊರಿನ ಚಳಿಗೆ ಏನೂ ಬದುಕಲ್ಲ ಕಣೇ."

ನನ್ನ ವಾದ ಇಷ್ಟೇ, ಇಡೀ ಸೀರೀಸ್ ಇದರ ಮೇಲೇ ಇರತ್ತೆ. ಆ ಗಿಡಗಳು ಚಳಿಗೆ ಸತ್ತಿಲ್ಲ. ನೀರಿಗೆ ಸತ್ತವು, ಗೊಬ್ಬರಕ್ಕೆ ಸತ್ತವು, ನಾವೆಲ್ಲ ಸೇರಿ ಮಾಡಿದ ಆರೈಕೆಗೆ ಸತ್ತವು. ಚಳಿ ಕೊನೇಲಿ ಬಂದು ಸಹಿ ಹಾಕಿತು ಅಷ್ಟೇ.

"ಹಾಸನದಲ್ಲಿ ಕೂತು ಮಿನೆಸೋಟದ ಗಿಡಕ್ಕೆ ಪೋಸ್ಟ್‌ಮಾರ್ಟಂ ಮಾಡ್ತೀಯಾ" ಅಂತ ಕ್ಲಾಸಿನವರು ಕೇಳೇ ಕೇಳ್ತೀರ, ಗೊತ್ತು. ಮಾಡ್ತೀನಿ. ಪ್ರತಿ ಭಾನುವಾರ ರಾತ್ರಿ, ಅಲ್ಲಿಗೆ ಬೆಳಗ್ಗೆ, ಅಕ್ಕ ಕಾಫಿ ಕಪ್ ಹಿಡ್ಕೊಂಡು ಫೋನನ್ನ ಹಿತ್ತಲಿಗೆ ತಿರುಗಿಸ್ತಾಳೆ. ಮೂರೂವರೆ ವರ್ಷದಿಂದ ನಾನು ಆ ಮಣ್ಣನ್ನ ನಮ್ಮ ಕಾಲೇಜ್ ಗ್ರೌಂಡಿಗಿಂತ ಹೆಚ್ಚು ನೋಡಿದ್ದೀನಿ. ಅದೂ ಅಲ್ಲದೆ ಆ ಸಾವಿನಲ್ಲಿ ನನ್ನ ಪಾಲೂ ಇದೆ, ಭಾಗ 5ರಲ್ಲಿ ಬರತ್ತೆ.

ಲ್ಯಾವೆಂಡರೇ ಯಾಕೆ? ಅಜ್ಜಿಯ ಬೀರು. ಸೀರೆ ಮಧ್ಯೆ ಖಾಲಿಯಾದ ಯಾರ್ಡ್ಲಿ ಪೌಡರ್ ಡಬ್ಬಿ ಇಟ್ಟಿರೋರು, ಮುಚ್ಚಳ ತೆಗೆದು. ನಾವಿಬ್ಬರೂ ಆ ಬೀರು ಒಳಗೆ ತಲೆ ತೂರಿಸಿ ಮೂಸ್ತಿದ್ವಿ. ಅಕ್ಕ ಆ ಊರಿಗೆ ಹೋಗಿ ಮೊದಲ ಚಳಿಗಾಲದಲ್ಲಿ ತುಂಬಾ ಅತ್ತಿದ್ದಾಳೆ. ಮನೆ ತಗೊಂಡ ಮೇಲೆ ಒಂದು ಗಿಡ ಹಾಕ್ಬೇಕು ಅನ್ನಿಸ್ತಂತೆ, ಇದನ್ನೇ ಹಾಕಿದ್ಲು. ಅಷ್ಟೇ ಕಥೆ, ಮುಂದಕ್ಕೆ ಹೋಗೋಣ.

ಭಾಗ 2

ಮೊದಲು ಹೆಸರಿನ ಗಲಾಟೆ ಮುಗಿಸ್ಕೊಳ್ಳೋಣ, ಅರ್ಧ ಅನಾಹುತ ಅಲ್ಲೇ ಆಗೋದು.

ಇಂಗ್ಲಿಷ್ ಲ್ಯಾವೆಂಡರ್ ಇಂಗ್ಲೆಂಡಿನದ್ದಲ್ಲ. ಸಸ್ಯಶಾಸ್ತ್ರದ ಹೆಸರು ಲ್ಯಾವೆಂಡುಲಾ ಆಂಗುಸ್ಟಿಫೋಲಿಯಾ. ಇದರ ತವರು ಮೆಡಿಟರೇನಿಯನ್ ಕಡೆಯ ಬೆಟ್ಟಗಳು, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರದೇಶದ ಎತ್ತರದ ಇಳಿಜಾರು ಅಂತಾದ್ದು. ಸುಣ್ಣಕಲ್ಲು, ಜಲ್ಲಿ, ಬಡ ಮಣ್ಣು. ಇಂಗ್ಲೆಂಡಿನಲ್ಲಿ ಇದನ್ನ ಅಷ್ಟು ಬೆಳೆದರು ಅಂತ ಆ ಹೆಸರು ಅಂಟ್ಕೊಳ್ತು. ಇವತ್ತು ಲಂಡನ್ ನಗರದೊಳಗೆ ಸೇರಿಹೋಗಿರೋ ಮಿಚಮ್ ಅನ್ನೋ ಊರು 19ನೇ ಶತಮಾನದಲ್ಲಿ ಲ್ಯಾವೆಂಡರ್ ಹೊಲಗಳಿಗೇ ಹೆಸರುವಾಸಿ. ಇದರ ಎರಡು ಫೇಮಸ್ ತಳಿಗಳ ಹೆಸರೂ ಇಂಗ್ಲೆಂಡಿನ ತೋಟಗಳಿಂದಲೇ ಬಂದದ್ದು. ಮನ್‌ಸ್ಟೆಡ್ ಅನ್ನೋದು ಗರ್ಟ್ರೂಡ್ ಜೀಕಲ್ ಅನ್ನೋ ತೋಟಗಾರ್ತಿಯ ಮನೆಯ ಹೆಸರು. ಹಿಡ್‌ಕೋಟ್ ಅನ್ನೋದು ಲಾರೆನ್ಸ್ ಜಾನ್‌ಸ್ಟನ್ ಕಟ್ಟಿದ ತೋಟದ ಹೆಸರು.

ಬೆಟ್ಟದ ಗಿಡ ಅನ್ನೋದನ್ನ ನೆನಪಿಟ್ಕೊಳ್ಳಿ. ಬೆಟ್ಟದ ಮೇಲೆ ಹಿಮ ಬೀಳತ್ತೆ, ಗಾಳಿ ಕೊರೆಯತ್ತೆ, ಅದೆಲ್ಲ ಈ ಗಿಡಕ್ಕೆ ಹೊಸದಲ್ಲ. ಇಳಿಜಾರಿನ ಜಲ್ಲಿಯಲ್ಲಿ ಬೇರಿನ ಹತ್ರ ನೀರು ನಿಂತಿರೋದನ್ನ ಮಾತ್ರ ಅದು ಯಾವತ್ತೂ ನೋಡಿಲ್ಲ.

ಇನ್ನೊಂದು ಗುಂಪಿದೆ, ಸ್ಪ್ಯಾನಿಷ್ ಲ್ಯಾವೆಂಡರ್. ಹೂವಿನ ತುದಿಯಲ್ಲಿ ಮೊಲದ ಕಿವಿ ಥರ ಎರಡು ಎಸಳು ಎದ್ದಿರತ್ತೆ. ನೋಡೋಕೆ ಸಕತ್ತಾಗಿರತ್ತೆ, ಆದ್ರೆ ಉತ್ತರದ ಚಳಿ ತಡೆಯಲ್ಲ. ಅಲ್ಲಿನ ಅಂಗಡಿಯಲ್ಲಿ ಎರಡನ್ನೂ ಒಂದೇ ಸ್ಟ್ಯಾಂಡಿನಲ್ಲಿ ಇಟ್ಟಿರ್ತಾರೆ, ಬೋರ್ಡಿನಲ್ಲಿ ಬರೀ "ಲ್ಯಾವೆಂಡರ್". ಅಕ್ಕ ಮೊದಲು ಕೈ ಹಾಕಿದ್ದೂ ಮೊಲದ ಕಿವಿಗೇ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ "ಇದು ಬೇಡಮ್ಮ, ಚಳಿಗಾಲ ದಾಟಲ್ಲ" ಅಂತ ಹೇಳಿ ಮನ್‌ಸ್ಟೆಡ್ ತೆಗೆದುಕೊಟ್ರಂತೆ. ಅಂಗಡಿಯವರು ಹೇಳ್ಬೇಕಿದ್ದ ಮಾತನ್ನ ಗಿರಾಕಿ ಹೇಳ್ಬೇಕಾ? ನಂಗೆ ಇದರ ಮೇಲೆ ಈಗಲೂ ಕೋಪ ಇದೆ.

ಭಾಗ 3

ಮಾರ್ಚ್ ಎಕ್ಸಾಮಿಗೆ ಸ್ಟಾಟಿಸ್ಟಿಕ್ಸ್ ಓದೋರು ಇದನ್ನ ಗಮನ ಇಟ್ಟು ಓದಿ.

ಅಮೆರಿಕದ ಕೃಷಿ ಇಲಾಖೆ ಒಂದು ನಕ್ಷೆ ಮಾಡಿದೆ, ಪ್ಲಾಂಟ್ ಹಾರ್ಡಿನೆಸ್ ಝೋನ್ ಮ್ಯಾಪ್. ದೇಶವನ್ನ 13 ಝೋನ್ ಮಾಡಿದ್ದಾರೆ, ಒಂದೊಂದರಲ್ಲೂ ಎ ಮತ್ತು ಬಿ ಅಂತ ಎರಡು ಭಾಗ. ಸಂಖ್ಯೆ ಚಿಕ್ಕದಾದಷ್ಟೂ ಚಳಿ ಜಾಸ್ತಿ. ಗಿಡದ ಲೇಬಲ್ ಮೇಲೆ "ಝೋನ್ 5ರಿಂದ 8" ಅಂತ ಬರೆದಿದ್ರೆ ಆ ಝೋನುಗಳಲ್ಲಿ ಚಳಿಗಾಲ ದಾಟತ್ತೆ ಅಂತ ಅರ್ಥ. ಇಂಗ್ಲಿಷ್ ಲ್ಯಾವೆಂಡರಿಗೆ ಸಾಮಾನ್ಯವಾಗಿ ಝೋನ್ 5ರಿಂದ ಅಂತ ಬರೆದಿರ್ತಾರೆ. 2023ರಲ್ಲಿ ಹೊಸ ನಕ್ಷೆ ಬಂತು, 1991ರಿಂದ 2020ರವರೆಗಿನ ಲೆಕ್ಕ ಹಿಡಿದು. ದೇಶದ ಸುಮಾರು ಅರ್ಧ ಭಾಗ ಅರ್ಧ ಝೋನ್ ಬೆಚ್ಚಗಿನ ಕಡೆಗೆ ಸರೀತು. ಅಕ್ಕನ ಊರು 4ಬಿ ಇದ್ದದ್ದು 5ಎ ಆಯ್ತು. ಭಾವ ಆ ದಿನ ಕಾಲ್‌ನಲ್ಲಿ "ನೋಡಿ, ಈಗ ಲ್ಯಾವೆಂಡರ್ ಅಫಿಶಿಯಲ್" ಅಂತ ಖುಷಿಪಟ್ಟಿದ್ರು.

ಖುಷಿ ಯಾಕೆ ತಪ್ಪು? ಆ ಸಂಖ್ಯೆ ಏನು ಅಂತ ನೋಡಿ. ಪ್ರತಿ ವರ್ಷದ ಅತ್ಯಂತ ತಣ್ಣನೆಯ ರಾತ್ರಿಯ ಉಷ್ಣಾಂಶ ತಗೊಂಡು, ಮೂವತ್ತು ವರ್ಷದ ಸರಾಸರಿ ಹಾಕಿದ್ದಾರೆ. 5ಎ ಅಂದ್ರೆ ಆ ಸರಾಸರಿ ಮೈನಸ್ 29ರಿಂದ ಮೈನಸ್ 26 ಡಿಗ್ರಿ ಸೆಲ್ಸಿಯಸ್ ನಡುವೆ. ಸರಾಸರಿ ರೀ! ಎಷ್ಟೋ ವರ್ಷ ಅದಕ್ಕಿಂತ ಕೆಳಗೂ ಹೋಗಿರತ್ತೆ. ಬರೀ ಮೀನ್ ಕೊಟ್ಟು ಡೀವಿಯೇಶನ್ ಕೊಡದೆ ಇದ್ರೆ ನಮ್ಮ ಸರ್ ಮಾರ್ಕ್ಸ್ ಕೊಡ್ತಾರಾ?

ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಆ ನಕ್ಷೆಯಲ್ಲಿ ಇಲ್ಲದೆ ಇರೋದು. ಮಣ್ಣು ಜೇಡಿನಾ ಮರಳಾ ಅಂತ ಇಲ್ಲ. ನೀರು ಇಂಗತ್ತಾ ಅಂತ ಇಲ್ಲ. ಹಿಮದ ಹೊದಿಕೆ ಎಷ್ಟು ದಿನ ಇರತ್ತೆ ಅಂತ ಇಲ್ಲ. ನಕ್ಷೆ ಮಾಡಿದವರ ತಪ್ಪಲ್ಲ ಇದು, ಅವರು ಒಂದು ಸಂಖ್ಯೆ ಕೊಟ್ರು. ಆ ಒಂದು ಸಂಖ್ಯೆಯನ್ನ ಗ್ಯಾರಂಟಿ ಕಾರ್ಡ್ ಥರ ಲೇಬಲ್ ಮೇಲೆ ಅಚ್ಚು ಹಾಕಿ ಮಾರೋದು ತಪ್ಪು.

ಭಾಗ 4

ಈಗ ನನ್ನ ಮುಖ್ಯ ಸಾಕ್ಷಿ. ಫೋಟೋ 4 ಮತ್ತು 5 ಪಕ್ಕಪಕ್ಕ ಇಟ್ಟು ನೋಡಿ.

2022ರ ಮೇ ತಿಂಗಳಲ್ಲಿ ಅಕ್ಕ ನಾಲ್ಕು ಮನ್‌ಸ್ಟೆಡ್ ನೆಟ್ಲು. ಆ ಚಳಿಗಾಲ, 2022-23, ಆ ಕಡೆ ಸುಮಾರು 90 ಇಂಚು ಹಿಮ ಬಿತ್ತು, ಅಂದ್ರೆ ಏಳೂವರೆ ಅಡಿ. ಮಿನಿಯಾಪೊಲಿಸ್, ಸೇಂಟ್ ಪಾಲ್ ದಾಖಲೆಯಲ್ಲೇ ಮೇಲಿನ ಸಾಲಿನಲ್ಲಿರೋ ಹಿಮದ ವರ್ಷ. ಮೈನಸ್ 20ರ ಕೆಳಗೂ ಹೋಯ್ತು. ಭಾವ ಬಾಗಿಲ ಮುಂದಿನ ದಾರಿಯ ಹಿಮ ಎತ್ತಿ ಎತ್ತಿ ಗಿಡಗಳ ಮೇಲೇ ಹಾಕ್ತಿದ್ರು, ಅಲ್ಲಿ ಗಿಡ ಇದೆ ಅನ್ನೋದೇ ಅವರಿಗೆ ಮರೆತುಹೋಗಿತ್ತು. ನಾವೆಲ್ಲ ಗಿಡದ ಆಸೆ ಬಿಟ್ಟಿದ್ವಿ.

2023ರ ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಬೂದು ಬಣ್ಣದ ಕಡ್ಡಿಗಳು. ಮೇ ಮೊದಲ ವಾರವೂ ಕಡ್ಡಿಗಳೇ. ಭಾವ ಕಿತ್ತು ಹಾಕೋಕೆ ಗುದ್ದಲಿ ತಂದಿದ್ರು. ಅಕ್ಕನಿಗೆ ಆಫೀಸ್ ಕಾಲ್ ಬಂತು ಅಂತ ಕೆಲಸ ಮುಂದಕ್ಕೆ ಹೋಯ್ತು. ಮೇ ಕೊನೆಗೆ ನಾಲ್ಕರಲ್ಲಿ ಮೂರು ಗಿಡ ಬುಡದಿಂದ ಹಸಿರು ಒಡೀತು! ಜುಲೈನಲ್ಲಿ ಹೂವು. ಫೋಟೋ 4 ಅದೇ. ಅವತ್ತು ಅಕ್ಕ ಹೂವು ಉಜ್ಜಿ ಕೈಯನ್ನ ಕ್ಯಾಮೆರಾಗೆ ಹಿಡಿದು "ಮೂಸು" ಅಂದ್ಲು. ನಾನೂ ಪೆದ್ದಿ ಥರ ಫೋನ್ ಮೂಸಿದೆ.

ಮುಂದಿನ ಚಳಿಗಾಲ, 2023-24. ಅಲ್ಲಿನ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನ ಚಳಿಗಾಲ. ಹಿಮ ತೀರಾ ಕಡಿಮೆ. ಕ್ರಿಸ್‌ಮಸ್ ದಿನ ಹಿಮದ ಬದಲು ಮಳೆ ಸುರೀತು. ಜನವರಿ ಮಧ್ಯದಲ್ಲಿ ಒಂದೇ ಸಲ ಮೈನಸ್ 20ರ ಆಚೆ ಬಿತ್ತು, ಆಮೇಲೆ ಮತ್ತೆ ಬೆಚ್ಚಗೆ. ಆ ವರ್ಷ ಮೂರಕ್ಕೆ ಮೂರೂ ಹೋದವು.

ಏಳೂವರೆ ಅಡಿ ಹಿಮದಲ್ಲಿ ಬದುಕಿದ ಗಿಡ ಬೆಚ್ಚಗಿನ ವರ್ಷದಲ್ಲಿ ಸತ್ತಿದೆ. ಚಳಿಯೇ ಕೊಲೆಗಾರ ಆಗಿದ್ರೆ ಲೆಕ್ಕ ಉಲ್ಟಾ ಇರ್ಬೇಕಿತ್ತು ಅಲ್ವಾ?

ಕಾರಣ ಕಷ್ಟದ್ದೇನಲ್ಲ. ಹಿಮದ ಒಳಗೆ ತುಂಬಾ ಗಾಳಿ ಇರತ್ತೆ, ಹತ್ತಿಯ ಕೌದಿ ಥರ. ಮೇಲೆ ಮೈನಸ್ 25 ಇದ್ರೂ ದಪ್ಪ ಹಿಮದ ಕೆಳಗಿನ ನೆಲ ಸೊನ್ನೆಯ ಹತ್ತಿರ ಹತ್ತಿರವೇ ಇರತ್ತೆ. ಒಣ ಗಾಳಿಯೂ ಕೊಂಬೆಗೆ ತಾಗಲ್ಲ. ಹಿಮ ಇಲ್ಲದಾಗ ಕೌದಿ ಕಿತ್ತುಕೊಂಡ ಹಾಗೆ. ಅದರ ಮೇಲೆ ಮಳೆ ಬಂದು ಮಣ್ಣು ನೆನೆದು, ಆ ನೀರು ಹೆಪ್ಪುಗಟ್ಟಿದರೆ ಇನ್ನೂ ಕೆಟ್ಟದ್ದು. ನೀರು ಮಂಜುಗಡ್ಡೆ ಆದಾಗ ಶೇಕಡಾ 9ರಷ್ಟು ಹಿಗ್ಗತ್ತೆ. ಹೆಪ್ಪುಗಟ್ಟೋದು, ಕರಗೋದು, ಮತ್ತೆ ಹೆಪ್ಪುಗಟ್ಟೋದು, ಹೀಗೇ ನಡೆದರೆ ಮಣ್ಣು ಗಿಡವನ್ನ ಮೇಲಕ್ಕೆ ಎತ್ತಿ ಬೇರು ಹರಿಯತ್ತೆ. ಕರಗಿದ ದಿನಗಳಲ್ಲಿ ನೀರು ಕೆಳಗೆ ಇಳಿಯೋಕೆ ಆಗದೆ ಬುಡದಲ್ಲೇ ನಿಂತು ಬೇರು ಕೊಳೆಯತ್ತೆ.

ಅಕ್ಕ ಜೂನ್‌ನಲ್ಲಿ ಕಿತ್ತಾಗ ಬೇರು ಕಂದು ಬಣ್ಣ, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಬಂತು. ಒಣಗಿದ ಬೇರು ಹಾಗೆ ಜಾರಲ್ಲ.

ಭಾಗ 5

ಆದ್ರೆ ಎಲ್ಲ ಹವಾಮಾನದ ತಲೆಗೆ ಕಟ್ಟೋ ಹಾಗಿಲ್ಲ. 2023ರ ಆ ಹೂವಿನ ಬೇಸಿಗೆಯಲ್ಲಿ ನಾವು ಏನೇನು ಮಾಡಿದ್ವಿ ಅಂತ ಬರೀತೀನಿ.

ಅಮ್ಮ ಕಾಲ್‌ನಲ್ಲಿ ಮೊದಲು ಕೇಳೋದೇ "ಗಿಡಕ್ಕೆ ನೀರು ಹಾಕ್ದಾ?" ನಮ್ಮ ಮನೇಲಿ ಗಿಡ ಅಂದ್ರೆ ತುಳಸಿ, ದಾಸವಾಳ, ಕರಿಬೇವು. ಬೆಳಗ್ಗೆ ಒಂದು ತಂಬಿಗೆ ನೀರು, ತಿಂಗಳಿಗೊಮ್ಮೆ ಸಗಣಿ ಗೊಬ್ಬರ. ಅಮ್ಮನ ಪ್ರಕಾರ ಗಿಡ ಬಾಡಿದ್ರೂ ನೀರು, ಬಾಡದಿದ್ರೂ ನೀರು. ಅಕ್ಕ ಹೇಳಿದ್ದು ಕೇಳಿದ್ಲು. ಜೊತೆಗೆ ಹುಲ್ಲಿಗೆ ನೀರು ಹಾಯಿಸೋ ಸ್ಪ್ರಿಂಕ್ಲರ್ ದಿನಾ ಬೆಳಗ್ಗೆ ಗಿಡಕ್ಕೂ ಸ್ನಾನ ಮಾಡಿಸ್ತಿತ್ತು. ಚೀಲಗಟ್ಟಲೆ ಕಾಂಪೋಸ್ಟ್ ಬೇರೆ. ಗಿಡ ದಪ್ಪ ದಪ್ಪ ಆಯ್ತು, ಮೃದು ಮೃದು ಚಿಗುರು ಬಿಡ್ತು. ನಾವೆಲ್ಲ ಸೂಪರ್ ಅಂದ್ವಿ. ಆ ಮೆತ್ತನೆ ಚಿಗುರಿಗೇ ಚಳಿ ಮೊದಲು ಹೊಡೆಯೋದು ಅಂತ ಆಮೇಲೆ ಗೊತ್ತಾಯ್ತು.

ಆಮೇಲೆ ಮರದ ಚಕ್ಕೆ. ಅಲ್ಲಿ ಎಲ್ಲರ ಮನೆ ಮುಂದೆಯೂ ಗಿಡದ ಬುಡಕ್ಕೆ ಮರದ ಚಕ್ಕೆ ಹರಡಿರ್ತಾರೆ, ಒದ್ದೆ ಹಿಡಿದಿಡೋಕೆ. ಬೇರೆ ಗಿಡಕ್ಕೆ ಒಳ್ಳೇದು. ಒದ್ದೆಯೇ ಶತ್ರು ಆಗಿರೋ ಗಿಡಕ್ಕೆ ಒದ್ದೆ ಹಿಡಿದಿಡೋ ಹಾಸಿಗೆ ಹಾಕಿದ ಹಾಗಾಯ್ತು.

ಜಾಗವೂ ಸರಿ ಇರಲಿಲ್ಲ. ಸೂರಿನ ನೀರು ಇಳಿಯೋ ಪೈಪಿನ ಬಾಯಿ ಅಲ್ಲೇ ಪಕ್ಕ. ಮಣ್ಣು ಜೇಡಿ. ಮೊದಲ ವರ್ಷ ಭಾವ ಯಾರೋ ಹೇಳಿದ್ರು ಅಂತ ಗುಂಡಿ ತೋಡಿ ಗುಂಡಿಗೆ ಮಾತ್ರ ಮರಳು, ಕಾಂಪೋಸ್ಟ್ ತುಂಬಿದ್ರು. ಸುತ್ತ ಜೇಡಿಮಣ್ಣು ಇದ್ದು ನಡುವೆ ಸಡಿಲ ಮಣ್ಣು ತುಂಬಿದರೆ ಅದು ಬಚ್ಚಲು ತೊಟ್ಟಿ ಆಗತ್ತೆ, ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ಕೂರತ್ತೆ.

ಈಗ ನನ್ನ ಪಾಲು. 2023ರ ಅಕ್ಟೋಬರ್‌ನಲ್ಲಿ ಒಂದು ರೀಲ್ ನೋಡಿದೆ, ಲ್ಯಾವೆಂಡರ್ ಗಿಡವನ್ನ ಗುಂಡಗೆ ಚೆಂಡಿನ ಥರ ಸವರೋದು. ಚೆನ್ನಾಗಿದೆ ಅಂತ ಅಕ್ಕನಿಗೆ ಕಳಿಸಿದೆ. ಎಲ್ಲಿಯದು, ಯಾವ ತಿಂಗಳದು, ಏನೂ ನೋಡಲಿಲ್ಲ. ಅಕ್ಕ ಅದೇ ಶನಿವಾರ ಕತ್ತರಿ ಹಿಡಿದು ಮೂರನ್ನೂ ಸವರಿದ್ಲು, ಕೆಲವು ಕಡೆ ಎಲೆ ಇಲ್ಲದ ಗಟ್ಟಿ ಕಟ್ಟಿಗೆಯವರೆಗೂ. ಉತ್ತರದ ಚಳಿಯ ಊರಲ್ಲಿ ಅಕ್ಟೋಬರ್‌ನಲ್ಲಿ ಸವರಿದರೆ ಗಿಡಕ್ಕೆ ಗಾಯ ಮಾಯೋಕೆ ಸಮಯ ಇರಲ್ಲ. ಹೂವು ಮುಗಿದ ತಕ್ಷಣ ಬೇಸಿಗೆಯಲ್ಲಿ ಹಗುರವಾಗಿ ಸವರ್ಬೇಕು, ಇಲ್ಲಾ ಮುಂದಿನ ವಸಂತದಲ್ಲಿ ಹೊಸ ಹಸಿರು ಕಂಡ ಮೇಲೆ. ಹಳೇ ಕಟ್ಟಿಗೆಯಿಂದ ಲ್ಯಾವೆಂಡರ್ ಮತ್ತೆ ಚಿಗುರೋದು ಅಪರೂಪ. ಇದೆಲ್ಲ ನಂಗೆ ಗೊತ್ತಾಗಿದ್ದು ಗಿಡ ಸತ್ತ ಮೇಲೆ. ಅಕ್ಕ ಇವತ್ತಿನವರೆಗೂ ಆ ರೀಲ್ ಬಗ್ಗೆ ಒಂದು ಮಾತು ಅಂದಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಭಾಗ 6

ಎರಡನೇ ಪ್ರಯತ್ನ ಬೇಗ ಮುಗಿಸ್ತೀನಿ, ಅದೂ ಬೇಗ ಮುಗೀತು. 2024ರ ಸೆಪ್ಟೆಂಬರ್ ಕೊನೆ, ಅಂಗಡಿಯಲ್ಲಿ ಅರ್ಧ ಬೆಲೆ, ಫಿನಾಮಿನಲ್ ಅನ್ನೋ ತಳಿ. ಇದು ಪೂರ್ತಿ ಇಂಗ್ಲಿಷ್ ಲ್ಯಾವೆಂಡರ್ ಅಲ್ಲ, ಎರಡು ಜಾತಿಯ ಮಿಶ್ರತಳಿ. ಗಟ್ಟಿ ಗಿಡ ಅಂತ ಒಳ್ಳೇ ಹೆಸರಿದೆ. ಆದ್ರೆ ನೆಟ್ಟ ಕೆಲವೇ ವಾರಕ್ಕೆ ನೆಲ ಹೆಪ್ಪುಗಟ್ಟಿತು, ಬೇರು ಇಳಿಯೋಕೆ ಟೈಮೇ ಸಿಗಲಿಲ್ಲ. ಚಳಿಯ ಊರಲ್ಲಿ ಮೇ, ಜೂನ್‌ನಲ್ಲಿ ನೆಟ್ಟು ಇಡೀ ಬೇಸಿಗೆ ಬೇರು ಬಿಡೋಕೆ ಕೊಡ್ಬೇಕು. ಡಿಸ್ಕೌಂಟ್ ಯಾಕೆ ಸೆಪ್ಟೆಂಬರ್‌ನಲ್ಲಿ ಬರತ್ತೆ ಅಂತ ಈಗ ಅರ್ಥ ಆಯ್ತಾ?

ಆಗ ಭಾವ ಹೇಳಿದ್ರು, "ಸಾಕು ಬಿಡೇ, ಇದು ಸಂಕ್ ಕಾಸ್ಟ್. ಹೋದ ದುಡ್ಡಿನ ಹಿಂದೆ ಇನ್ನೂ ದುಡ್ಡು ಹಾಕ್ಬೇಡ." ಪಕ್ಕದ ಮನೆಯವರು ಕ್ಯಾಟ್‌ಮಿಂಟ್ ಹಾಕಿ ಅಂದ್ರು. ಅದೂ ನೀಲಿ ನೇರಳೆ ಹೂವು, ಝೋನ್ 4ರಲ್ಲೂ ಆರಾಮಾಗಿ ಇರತ್ತೆ, ದೂರದಿಂದ ನೋಡಿದ್ರೆ ಥೇಟ್ ಲ್ಯಾವೆಂಡರ್ ಸಾಲು.

ಕ್ಯಾಟ್‌ಮಿಂಟ್ ಸಲಹೆ ಕೆಟ್ಟದ್ದಲ್ಲ. ಬಣ್ಣ ಬೇಕಾದವರು ಅದನ್ನೇ ಹಾಕ್ಲಿ, ಜೇನುಹುಳಕ್ಕೂ ಇಷ್ಟ. ಆದ್ರೆ ಅಕ್ಕನಿಗೆ ಬೇಕಾಗಿದ್ದು ಬಣ್ಣ ಅಲ್ಲ, ಆ ಬೀರುವಿನ ವಾಸನೆ. ಅದು ಕ್ಯಾಟ್‌ಮಿಂಟ್‌ನಲ್ಲಿ ಬರಲ್ಲ.

ಸಂಕ್ ಕಾಸ್ಟ್ ವಿಷಯದಲ್ಲಿ ಮಾತ್ರ ಭಾವನ ಜೊತೆ ಜಗಳಕ್ಕೇ ಇಳಿದೆ. ಅವರು ಇಂಜಿನಿಯರ್, ನಾನು ಬಿಕಾಂ. ಸಂಕ್ ಕಾಸ್ಟ್ ಅಂದ್ರೆ ಹೋದ ದುಡ್ಡನ್ನ ಮುಂದಿನ ನಿರ್ಧಾರದ ಲೆಕ್ಕಕ್ಕೆ ತರಬೇಡಿ ಅಂತ. "ಇಷ್ಟು ಹಾಕಿದ್ದೀವಿ, ಅದಕ್ಕೇ ಮುಂದುವರಿಸೋಣ" ಅನ್ನೋದು ಎಷ್ಟು ತಪ್ಪೋ, "ಇಷ್ಟು ಕಳ್ಕೊಂಡಿದ್ದೀವಿ, ಅದಕ್ಕೇ ನಿಲ್ಲಿಸೋಣ" ಅನ್ನೋದೂ ಅಷ್ಟೇ ತಪ್ಪು. ಕೇಳ್ಬೇಕಾದ ಪ್ರಶ್ನೆ ಒಂದೇ, ಮುಂದಿನ ಸಲ ಏನಾದ್ರೂ ಬೇರೆ ಮಾಡ್ತೀವಾ ಇಲ್ವಾ? ಅದೇ ಜಾಗ, ಅದೇ ನೀರು, ಅದೇ ಗೊಬ್ಬರ ಆದ್ರೆ ಬೇಡವೇ ಬೇಡ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ, ಕಲ್ಲು ನಾನೇ ತರ್ತೀನಿ" ಅಂದ್ರು.

ಭಾಗ 7

ಫೋಟೋ 7. ಸಮಾಧಿ ಥರ ಕಾಣತ್ತೆ ಅಂತ ಅಮ್ಮ ಹೇಳಿದ್ಲು. ಅದು ದಿಬ್ಬ.

2025ರ ಏಪ್ರಿಲ್‌ನಲ್ಲಿ ಅಕ್ಕ ಮೊದಲು ಒಂದು ಟೆಸ್ಟ್ ಮಾಡಿದ್ಲು. ಹಳೇ ಜಾಗದಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿದ್ಲು. ಬೆಳಗ್ಗೆ ತುಂಬಿದ ನೀರು ಸಂಜೆಗೂ ಅಲ್ಲೇ ಇತ್ತು, ಒಂದು ಕಾಗೆ ಬಂದು ಸ್ನಾನ ಮಾಡ್ಕೊಂಡು ಹೋಯ್ತಂತೆ. ಆ ಜಾಗ ಕ್ಯಾನ್ಸಲ್.

ಹೊಸ ಜಾಗ ಹಿತ್ತಲಿನ ದಕ್ಷಿಣ ಬದಿ. ದಿನಕ್ಕೆ ಎಂಟು ಗಂಟೆ ಬಿಸಿಲು, ಹಿಂದೆ ಬಿಸಿ ಹಿಡಿಯೋ ಗೋಡೆ, ಸೂರಿನ ನೀರು ಬರಲ್ಲ, ಸ್ಪ್ರಿಂಕ್ಲರ್ ತಲುಪಲ್ಲ. ಜೇಡಿಮಣ್ಣಿಗೆ ಬರೀ ಮರಳು ಬೆರೆಸೋಕೆ ಹೋಗಲಿಲ್ಲ, ಸ್ವಲ್ಪ ಮರಳು ಹಾಕಿದ್ರೆ ಅದು ಇಟ್ಟಿಗೆ ಥರ ಗಟ್ಟಿಯಾಗತ್ತೆ. ಅದರ ಬದಲು ನೆಲದ ಮೇಲೇ ಒಂದಡಿ ಎತ್ತರ ದಿಬ್ಬ, ಸಣ್ಣ ಜಲ್ಲಿ ಬೆರೆಸಿದ ಸಡಿಲ ಮಣ್ಣಿನದ್ದು. ನೀರು ಬಂದ್ರೆ ಇಳಿದು ಹೋಗ್ಲೇಬೇಕು. ಗಿಡದಿಂದ ಗಿಡಕ್ಕೆ ಎರಡಡಿ, ಗಾಳಿ ಆಡೋಕೆ. ಬುಡಕ್ಕೆ ಮರದ ಚಕ್ಕೆ ಇಲ್ಲ, ಜಲ್ಲಿ ಹಾಸು. ಜಲ್ಲಿ ಬೇಗ ಒಣಗತ್ತೆ, ಬಿಸಿಲನ್ನೂ ಮೇಲಕ್ಕೆ ಹೊಡೆಯತ್ತೆ.

ತಳಿ ಮತ್ತೆ ಮನ್‌ಸ್ಟೆಡ್, ಮೂರು ಗಿಡ. ಬೀಜದಿಂದ ಯಾಕೆ ಮಾಡಲ್ಲ ಅಂತ ಒಬ್ಬಳು ಡಿಎಂ ಮಾಡಿದ್ಲು. ಬೀಜ ಮೊಳೆಯೋಕೆ ತಿಂಗಳು ಹಿಡಿಯತ್ತೆ, ಮೊದಲು ಫ್ರಿಜ್‌ನಲ್ಲಿ ಕೆಲವು ವಾರ ತಣ್ಣಗೆ ಇಟ್ಟರೆ ಒಳ್ಳೇದು, ಬಂದ ಗಿಡ ತಾಯಿಯ ಹಾಗೇ ಇರತ್ತೆ ಅಂತಲೂ ಇಲ್ಲ. ಕಡ್ಡಿ ನೆಟ್ಟು ಮಾಡಿದ ಗಿಡ ತಗೊಳ್ಳೋದೇ ವಾಸಿ.

ಮೊದಲ ಬೇಸಿಗೆ ಬೇರು ಬಿಡೋವರೆಗೂ ವಾರಕ್ಕೊಮ್ಮೆ ನೀರು, ಅದೂ ಮಣ್ಣು ಒಣಗಿದ್ರೆ ಮಾತ್ರ. ಗೊಬ್ಬರ ಸೊನ್ನೆ. ಬಂದ ಹೂಮೊಗ್ಗನ್ನ ಕತ್ತರಿಸಿದ್ಲು, ಗಿಡ ಶಕ್ತಿಯನ್ನ ಬೇರಿಗೆ ಹಾಕ್ಲಿ ಅಂತ. ಅವತ್ತು ಕಾಲ್‌ನಲ್ಲಿ ಇಬ್ಬರೂ ಮಾತಾಡಲಿಲ್ಲ. ಅಮ್ಮ ಮಾತ್ರ "ಹೂ ಬಿಡೋ ಗಿಡದ ಹೂ ಕೀಳ್ತಾರೇನ್ರೇ" ಅಂತ ಬೈದ್ಲು. ಅಮ್ಮನಿಗೆ ನೀರಿನ ವಿಷಯ ಇನ್ನೂ ಒಪ್ಪಿಗೆ ಇಲ್ಲ. ಹೋದ ವಾರವೂ ಕೇಳಿದ್ಲು. ಅಕ್ಕ "ಹಾಕ್ದೆ ಅಮ್ಮ" ಅಂತ ಸುಳ್ಳು ಹೇಳಿದ್ಲು.

ಒಂದು ಅಡ್ಡ ಮಾತು. ಇಂಡಿಯಾದಲ್ಲೇ ಈ ಗಿಡ ನೋಡ್ಬೇಕಾದ್ರೆ ಜಮ್ಮು ಕಾಶ್ಮೀರದ ದೋಡಾ ಜಿಲ್ಲೆಯ ಭದರ್ವಾಹ್‌ಗೆ ಹೋಗ್ಬೇಕು. ಸಿಎಸ್ಐಆರ್‌ನ ಅರೋಮಾ ಮಿಷನ್ ಅಡಿಯಲ್ಲಿ ಅಲ್ಲಿನ ರೈತರು ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಾಕಿದ್ದಾರೆ, ನೇರಳೆ ಕ್ರಾಂತಿ ಅಂತಲೇ ಹೆಸರಾಗಿದೆ. ಅಲ್ಲೂ ಬೆಟ್ಟದ ಇಳಿಜಾರು, ಅಲ್ಲೂ ಹಿಮ ಬೀಳೋ ಚಳಿಗಾಲ. ನಂಗೆ ಇದೂ ಒಂದು ಸಾಕ್ಷಿ.

ಭಾಗ 8

ಈಗ ನವೆಂಬರ್. ಅಕ್ಕನಿಗೆ ಭಯ ಶುರುವಾಗಿದೆ. ಮೊನ್ನೆ ಪ್ಲಾಸ್ಟಿಕ್ ಶೀಟ್ ತಂದು ಗಿಡಕ್ಕೆ ಸುತ್ತೋಕೆ ರೆಡಿಯಾಗಿದ್ಲು. ನಾನು ಕಿರುಚಿದೆ. ಪ್ಲಾಸ್ಟಿಕ್ ಒಳಗೆ ಬಿಸಿಲಿಗೆ ಬೆವರು ಹನಿಯತ್ತೆ, ರಾತ್ರಿ ಅದೇ ಹೆಪ್ಪುಗಟ್ಟತ್ತೆ, ಮತ್ತೆ ಅದೇ ಒದ್ದೆ ಕಥೆ. ನೆಲ ಪೂರ್ತಿ ಹೆಪ್ಪುಗಟ್ಟಿದ ಮೇಲೆ ಪೈನ್ ಮರದ ಕೊಂಬೆಗಳನ್ನ ಸಡಿಲವಾಗಿ ಮೇಲೆ ಹರಡಿದ್ರೆ ಸಾಕು. ಗಾಳಿ ತಡೆಯತ್ತೆ, ಹಿಮ ಬಿದ್ರೆ ಹಿಡಿದಿಟ್ಕೊಳ್ಳತ್ತೆ, ಒಳಗೆ ಉಸಿರಾಟಕ್ಕೂ ಜಾಗ. ಹಿಮ ಬಂದ್ರೆ ಭಾವ ಮತ್ತೆ ಎತ್ತಿ ಹಾಕ್ಲಿ, ಆದ್ರೆ ಉಪ್ಪು ಹಾಕಿದ ದಾರಿಯ ಹಿಮ ಬೇಡ.

ಇಷ್ಟೆಲ್ಲ ಮಾಡಿದ್ರೂ ಒಂದು ರಾತ್ರಿ ಹಿಮ ಇಲ್ಲದೆ ಮೈನಸ್ 32 ಆದ್ರೆ ಗಿಡ ಹೋಗಬಹುದು. ಅದನ್ನ ನಾನು ಅಲ್ಲಗಳೆಯಲ್ಲ. ಅಂತ ರಾತ್ರಿಗೆ ಸತ್ರೆ ಆಗ ಚಳಿಗೆ ಸತ್ತಿತು ಅಂತ ನಾನೇ ಬರೀತೀನಿ, ಇದೇ ಅಕೌಂಟ್‌ನಲ್ಲಿ. ಅಲ್ಲಿಯವರೆಗೂ ಒಪ್ಪಲ್ಲ.

ಅಕ್ಕನ ಹತ್ರ ಒಂದೇ ಮಾತು ತಗೊಂಡಿದ್ದೀನಿ: ಜೂನ್ 1ರವರೆಗೆ ಕತ್ತರಿ, ಗುದ್ದಲಿ ಯಾವುದನ್ನೂ ಮುಟ್ಟಬಾರದು, ಗಿಡ ಎಷ್ಟೇ ಬೂದಿಯಾಗಿ ಕಂಡ್ರೂ. ಅಕ್ಕ ಗ್ಯಾರೇಜ್‌ನಲ್ಲಿ ಗುದ್ದಲಿಗೆ ಒಂದು ಚೀಟಿ ಅಂಟಿಸಿ ಫೋಟೋ ಕಳಿಸಿದ್ದಾಳೆ, ಕೊನೇ ಫೋಟೋ ಅದೇ. ಕನ್ನಡದಲ್ಲೇ ಬರೆದಿದ್ದಾಳೆ: "ಜೂನ್ 1. ತಂಗಿ ಆರ್ಡರ್. ರೀಲ್ ನೋಡಿ ಏನೂ ಮಾಡಬಾರದು."

#ಲ್ಯಾವೆಂಡರ್ #ಅಕ್ಕನಹಿತ್ತಲು #ಮನ್‌ಸ್ಟೆಡ್ #ಉದ್ದಕ್ಯಾಪ್ಶನ್